ಜಾಲಿಮರದ ಬುಡದ ಹೆಜ್ಜೆ

ಜಾಲಿಮರದ ಕೊಂಬೆಯಲ್ಲಿ ಹಗ್ಗ ಮಾತ್ರ ತೂಗುತ್ತಿತ್ತು. ಹತ್ತು ದಿನದ ಹಿಂದೆ ಸುಬ್ಹಿಯಾ ಕೈಯಾರೆ ಕಟ್ಟಿದ್ದ ಎರಡು ನೀರಿನ ಕ್ಯಾನುಗಳೂ ಇರಲಿಲ್ಲ.

ಮರ ತಪ್ಪಿತೇನೋ ಎಂದು ಸುತ್ತಲ ಬೆಟ್ಟಗಳನ್ನು ನೋಡಿದಳು. ಮರ ಅದೇ. ಸಿನಾಯಿ ಮರುಭೂಮಿಯ ಅಲೆಮಾರಿ ಬೆಡೂಯಿನರು ಹಿಟ್ಟಿನ ಚೀಲ, ಕಂಬಳಿ, ಏನನ್ನೇ ಮರಕ್ಕೆ ಕಟ್ಟಿಹೋದರೂ ವರ್ಷ ಬಿಟ್ಟು ಬಂದು ಇಳಿಸಿಕೊಳ್ಳಬಹುದು. ಅದನ್ನು ಮುಟ್ಟಿದವನ ಪಕ್ಕ ಕೂತು ಯಾರೂ ಕಾಫಿ ಕುಡಿಯರು. ಐವತ್ತೆರಡು ವರ್ಷದಲ್ಲಿ ಇಂಥ ಬರಿ ಹಗ್ಗವನ್ನು ಅವಳು ಕಂಡಿರಲಿಲ್ಲ.

ಒಂಟೆ ಮಂಡಿಯೂರಿತು. ದಮ್ಯಾನಾ ಇಳಿದಳು. ಮಿನ್ಯಾ ಊರಿನ ಕ್ರೈಸ್ತ ಮುದುಕಿ. ಮೋಶೆಗೆ ದೇವರು ಆಜ್ಞೆ ಕೊಟ್ಟ ಬೆಟ್ಟವನ್ನು ಸಾಯುವ ಮೊದಲು ನೋಡಬೇಕೆಂದು, ದಾರಿ ತೋರಿಸುವ ಸುಬ್ಹಿಯಾಳ ಜೊತೆ ಬಂದವಳು. ಬೆಟ್ಟ ಇನ್ನೂ ಎರಡು ದಿನದ ದಾರಿ. ಇದ್ದದ್ದು ಅರ್ಧ ಸೀಸೆ ನೀರು.

"ಹೊರಗಿನವರದೇ ಕೆಲಸ ಅಕ್ಕಾ," ಎಂದ ಒಂಟೆ ಹಿಡಿದಿದ್ದ ತಮ್ಮ ಅವ್ವಾದ್. "ಬೆನ್ನಿಗೆ ಚೀಲ ಹೊತ್ಕೊಂಡು ಬರ್ತಾರಲ್ಲ, ಅವರು. ನಿನ್ನ ನೀರಲ್ಲಿ ಕಾಲುಚೀಲ ಒಗೆದಿರ್ತಾರೆ."

"ಮುಖ ತೊಳೀತೀನಿ ಅಂತಿದ್ದೆಯಲ್ಲೋ ಮಗನೇ," ದಮ್ಯಾನಾ ನಕ್ಕಳು. "ಈಗ ಇದೇ ಮುಖ ತಗೊಂಡು ದೇವರ ಬೆಟ್ಟ ಹತ್ತು."

ಸುಬ್ಹಿಯಾ ನೆಲ ನೋಡುತ್ತಿದ್ದಳು. ಹೆಜ್ಜೆ ನೋಡಿ ಆಳು ಗುರುತಿಸುವುದು ಅವಳ ಜನಕ್ಕೆ ಉಸಿರಾಟದಷ್ಟೇ ಸಲೀಸು. ಮರದ ಬುಡದಲ್ಲಿ ಟೈರ್ ಚಪ್ಪಲಿಯ ಗುರುತು, ನಾಲ್ಕು ದಿನ ಹಳೆಯದು. ಎಡಗಾಲು ಒಳಕ್ಕೆ ತಿರುಗಿತ್ತು. ಒಂಬತ್ತು ವರ್ಷದವನಾಗಿದ್ದಾಗ ಒಂಟೆಯಿಂದ ಬಿದ್ದು ಮುರಿದ ಕಾಲು. ಅದಕ್ಕೆ ದಬ್ಬೆ ಕಟ್ಟಿದವಳು ಅವಳೇ.

ಅವ್ವಾದನ ತೋಳು ಹಿಡಿದು ಬಂಡೆಯ ಮರೆಗೆ ಎಳೆದುಕೊಂಡು ಹೋದಳು. ಅವನ ಎಡಗಾಲನ್ನೇ ನೋಡಿದಳು.

ಅವ್ವಾದನ ನಗೆ ಇಳಿಯಿತು. "ಒಂದು ಗುಂಪು ಕರ್ಕೊಂಡು ಬಂದಿದ್ದೆ. ನೀರು ಸಾಲ್ಲಿಲ್ಲ. ಆಮೇಲೆ ತುಂಬಿಸಿಡೋಣ ಅಂತಿದ್ದೆ."

"ಬೆಳಿಗ್ಗೆ ಬಾವಿ ಪಕ್ಕದಲ್ಲೇ ಬಂದ್ವಲ್ಲೋ."

"ಹೇಳೋಕೆ ಬಾಯಿ ಬರಲಿಲ್ಲ."

ಬಾಯಿ ಬರದವನು ದಾರಿಯುದ್ದಕ್ಕೂ ಹಾಡು ಹೇಳಿಕೊಂಡು ಬಂದಿದ್ದ.

"ಅಕ್ಕಾ," ಅವನು ದನಿ ತಗ್ಗಿಸಿದ, "ನಾಳೆ ನಮ್ಮ ಕುಲದ ಸುವೇಲಿಮನ ಕಡೆಯವರು ಇಲ್ಲಿ ಹಾದು ಹೋಗ್ತಾರೆ. ಗುರುತು ಗುಡಿಸಿಬಿಡ್ಲಾ?"

ನೀರು ಕದ್ದದ್ದಕ್ಕಿಂತ ಈ ಮಾತು ಅವಳ ಎದೆಗೆ ಹೆಚ್ಚು ಬಡಿಯಿತು. ಗುಡಿಸಿದ ನೆಲವನ್ನೂ ಓದಬಲ್ಲರು ತಮ್ಮವರು. ಇವನಿಗೆ ಅದೂ ಮರೆತಿತ್ತು.

"ಬಾವಿಗೆ ಹೋಗು. ಹೊತ್ತು ಮುಳುಗೋದರೊಳಗೆ ನೀರು ಬರಬೇಕು."

ಅವನು ಒಂಟೆ ಏರಿ ಹೋದ. ಅರ್ಧ ಸೀಸೆಯನ್ನು ದಮ್ಯಾನಾಳ ಕೈಗಿತ್ತು ಸುಬ್ಹಿಯಾ ಮರದ ಬುಡಕ್ಕೆ ಬಂದಳು. ತನ್ನ ನೀರಿದ್ದ ಮರ. ತನ್ನ ಹೆಜ್ಜೆ ಇಲ್ಲಿದ್ದರೆ ಯಾರೂ ಕೇಳರು. ಒಳಕ್ಕೆ ತಿರುಗಿದ ಆ ಗುರುತಿನ ಮೇಲೆ ಕಾಲಿಟ್ಟಳು. ಮುಂದಿನದರ ಮೇಲೂ ಇಟ್ಟಳು. ತಿರುಗಿ ಬಂದಳು, ಮತ್ತೆ ಹೋದಳು.

"ಏನಮ್ಮಾ, ಕಾಲು ಜೋಮು ಹಿಡೀತಾ?" ದಮ್ಯಾನಾ ಕೇಳಿದಳು.

"ಹೂಂ ಅಮ್ಮಾ," ಎಂದಳು ಸುಬ್ಹಿಯಾ. ತಮ್ಮನ ಕೊನೆಯ ಹೆಜ್ಜೆಯ ಮೇಲೂ ಕಾಲೂರಿದಳು.