ಹದ್ದುಗಣ್ಣಿಗೆ ಕಾಣದ ಪಾಲು

ತಿಂಗಳ ಮೊದಲ ವಾರ ಬಂತೆಂದರೆ ಸಂಬಳದ ಮೇಲೆ ಬದುಕುವ ಯಾವ ಮನೆಯಲ್ಲೂ ಒಂದು ಗೊಣಗಾಟ ತಪ್ಪಿದ್ದಲ್ಲ. "ದುಡಿದಿದ್ದು ಅಷ್ಟು, ಕೈಗೆ ಬಂದಿದ್ದು ಇಷ್ಟೇನಾ?" ಗಾಜಿನ ಬಾಟಲಿ ಕಾರ್ಖಾನೆಯ ಹದ್ದುಗಣ್ಣಿಯ ಮನೆಯಲ್ಲಂತೂ ಈ ಗೊಣಗಾಟಕ್ಕೆ ಹದಿನಾಲ್ಕು ವರ್ಷ ತುಂಬಿತ್ತು.

ಹದ್ದುಗಣ್ಣಿ ಎಂಬುದು ಅವಳ ಹೆಸರಲ್ಲ, ಜೊತೆಯವರು ಕೊಟ್ಟ ಬಿರುದು. ಬಿಳಿ ದೀಪದ ಪರದೆಯ ಮುಂದೆ ಬೆಲ್ಟಿನ ಮೇಲೆ ಬಾಟಲಿಗಳು ಒಂದರ ಹಿಂದೊಂದು ಸಾಗುತ್ತವೆ. ಕತ್ತಿನ ಬಳಿ ಕೂದಲೆಳೆಯಷ್ಟು ಬಿರುಕಿದ್ದರೂ, ತಳದಲ್ಲಿ ಸಾಸಿವೆಯಷ್ಟು ಗುಳ್ಳೆಯಿದ್ದರೂ ಅವಳ ಕೈ ತಟಕ್ಕನೆ ಹೋಗಿ ಅದನ್ನೆತ್ತಿ ಪಕ್ಕದ ತೊಟ್ಟಿಗೆ ಹಾಕುತ್ತದೆ. ಇಂಥ ಕಣ್ಣಿನವಳು ತನ್ನ ಸಂಬಳದ ಚೀಟಿಯನ್ನು ಮಾತ್ರ ಒಂದು ದಿನವೂ ಪೂರ್ತಿ ಓದಿರಲಿಲ್ಲ. ಕೊನೆಯ ಸಾಲಿನ ಮೊತ್ತ ನೋಡುವುದು, "ಈ ಸಲವೂ ಕತ್ತರಿ ಹಾಕಿದ್ದಾರೆ" ಎಂದು ಶಪಿಸುವುದು, ಚೀಟಿಯನ್ನು ಅಡುಗೆಮನೆಯ ಕಪಾಟಿಗೆ ಹಾಸಿ ಮೇಲೆ ಡಬ್ಬಿ ಇಡುವುದು. ಕಾಗದ ದಪ್ಪಗಿತ್ತು, ಎಣ್ಣೆ ಚೆನ್ನಾಗಿ ಹೀರುತ್ತಿತ್ತು. ದೀಪದ ಬುಡದಲ್ಲೇ ಕತ್ತಲೆ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಈಚೆಗೆ ಅವಳ ಮನಸ್ಸಿಗೊಂದು ಭಯ ಹೊಕ್ಕಿತ್ತು. ಪಾಳಿ ಮುಗಿಯುವ ಹೊತ್ತಿಗೆ ಕಣ್ಣ ಮುಂದೆ ಕಪ್ಪು ಚುಕ್ಕೆಗಳು ಹಾರುತ್ತಿದ್ದವು. ಈ ಕಣ್ಣು ಇನ್ನೆಷ್ಟು ದಿನ? ಕಣ್ಣು ಹೋದ ಮೇಲೆ ತನ್ನನ್ನು ಯಾರು ಕೇಳುತ್ತಾರೆ? ಇದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಅದೇ ಹೊತ್ತಿಗೆ ಪಕ್ಕದ ಬೀದಿಯ ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಮೇಸ್ತ್ರಿ ಸಿಕ್ಕಿ, "ನಮ್ಮಲ್ಲಿಗೆ ಬಂದ್ಬಿಡಿ ಅಕ್ಕಾ. ಹದಿನೈದು ಸಾವಿರ ಅಂದ್ರೆ ಹದಿನೈದು ಸಾವಿರ. ಪಿ.ಎಫ್. ಗಿಯೆಫ್ ಅಂತ ಒಂದು ಪೈಸೆ ಕತ್ತರಿಸಲ್ಲ" ಅಂದಿದ್ದ. ಈಗ ಅವಳ ಕೈಗೆ ಬರುತ್ತಿದ್ದದ್ದು ಹದಿಮೂರು ಸಾವಿರದ ಇನ್ನೂರು. ಅಂದರೆ ತಿಂಗಳಿಗೆ ಸಾವಿರದ ಎಂಟುನೂರು ಹೆಚ್ಚು! ಅದನ್ನು ಹಾಗೇ ಕೂಡಿಟ್ಟರೆ ಕಣ್ಣು ಕೈಕೊಟ್ಟ ಕಾಲಕ್ಕೆ ಆಸರೆಯಾದೀತು ಎಂದು ಲೆಕ್ಕ ಹಾಕಿದಳು. ಸೋಮವಾರ ರಾಜೀನಾಮೆ ಕೊಡುವುದೆಂದು ತೀರ್ಮಾನವೂ ಆಯಿತು.

ಭಾನುವಾರ ಬೆಳಿಗ್ಗೆ ಮೇಲಿನ ಮನೆಯ ಪಿಂಚಣಿ ಅಕ್ಕ ಇಳಿದು ಬಂದರು. ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ದುಡಿದು ಹೋದ ವರ್ಷವಷ್ಟೇ ನಿವೃತ್ತರಾದವರು. ಪ್ರತಿ ತಿಂಗಳು ಪಿಂಚಣಿ ತರಲು ಬ್ಯಾಂಕಿಗೆ ಹೋಗಿ ಬರುವುದರಿಂದ ಬೀದಿಯವರೇ ಆ ಹೆಸರಿಟ್ಟಿದ್ದರು.

"ಏನೇ, ನಾಳೆ ಕೆಲಸ ಬಿಡ್ತೀಯಂತೆ?"

"ಹೂಂ ಅಕ್ಕ, ಸಾಕಾಯ್ತು. ನನ್ನ ದುಡ್ಡು ಕತ್ತರಿಸಿ ಕತ್ತರಿಸಿ ಕಂಪನಿಯವರು ಉದ್ಧಾರ ಆದ್ರು."

"ಆ ದುಡ್ಡು ಕಂಪನಿಯವರು ಇಟ್ಕೋತಾರೆ ಅಂತ ನಿಂಗೆ ಹೇಳಿದ್ಯಾರು?"

"ಹೇಳೋದೇನು? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?" ಎನ್ನುತ್ತ ಹದ್ದುಗಣ್ಣಿ ಚಹಾಕ್ಕೆಂದು ಸಕ್ಕರೆ ಡಬ್ಬಿ ಎತ್ತಿದಳು. ತಳಕ್ಕೆ ಅಂಟಿಕೊಂಡು ಒಂದು ಚೀಟಿಯೂ ಬಂತು. ಪಿಂಚಣಿ ಅಕ್ಕ ಅದನ್ನು ಬಿಡಿಸಿ, ಕನ್ನಡಕ ಏರಿಸಿ ನೋಡಿದರು. ನೋಡಿ ತಲೆಯ ಮೇಲೆ ಕೈ ಹೊತ್ತರು.

"ಅಯ್ಯೋ ಪುಣ್ಯಾತ್ಗಿತ್ತಿ! ಬಂಗಾರದಂಥ ಕಾಗದದ ಮೇಲೆ ಸಕ್ಕರೆ ಡಬ್ಬಿ ಇಟ್ಟಿದ್ದೀಯಲ್ಲೇ. ಬಾ ಇಲ್ಲಿ. ಈ ಸಾಲು ಓದು."

"ನೌಕರರ ಪಾಲು, ಸಾವಿರದ ಎಂಟುನೂರು. ಇದೇ ಅಕ್ಕ, ಇದೇ ಕತ್ತರಿ."

"ಅದರ ಕೆಳಗಿಂದು?"

"ಮಾಲೀಕರ ಪಾಲು, ಸಾವಿರದ ಎಂಟುನೂರು." ಹದ್ದುಗಣ್ಣಿಯ ಮುಖ ಕೆಂಪಾಯಿತು. "ಇದೇನಿದು, ಎರಡೆರಡು ಸಲ ಕತ್ತರಿಸಿದ್ದಾರೆ!"

ಪಿಂಚಣಿ ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಅಲ್ಲ ಕಣೇ! ಮೊದಲನೇದು ನಿಂದು. ಎರಡನೇದು ಕಂಪನಿ ತನ್ನ ಕೈಯಿಂದ ಹಾಕೋದು. ನಿನ್ನ ಮೂಲ ಸಂಬಳದಲ್ಲಿ ನೂರಕ್ಕೆ ಹನ್ನೆರಡು ನೀನು ಹಾಕಿದ್ರೆ, ನೂರಕ್ಕೆ ಹನ್ನೆರಡು ಅವರೂ ಹಾಕ್ಬೇಕು."

"ಅವರ್ಯಾಕೆ ಹಾಕ್ತಾರೆ? ಧರ್ಮಕ್ಕಾ?"

"ಧರ್ಮ ಅಲ್ಲ, ಕಾನೂನು. ಅದೂ ನೀನು ದುಡಿದಿದ್ದೇ. ನಿನ್ನ ಪಾಲು ಪೂರ್ತಿ ನಿನ್ನ ಭವಿಷ್ಯ ನಿಧಿ, ಅದೇ ಪಿ.ಎಫ್., ಖಾತೆಗೆ ಹೋಗುತ್ತೆ. ಅವರ ಪಾಲಲ್ಲಿ ಹೆಚ್ಚಿನ ಭಾಗ ನಿನ್ನ ಪಿಂಚಣಿಗೆ ಅಂತ ಬೇರೆ ಎತ್ತಿಡ್ತಾರೆ, ಮಿಕ್ಕಿದ್ದು ನಿನ್ನ ಖಾತೆಗೇ ಸೇರುತ್ತೆ. ಖಾತೆ ದುಡ್ಡಿಗೆ ವರ್ಷ ವರ್ಷ ಬಡ್ಡಿ, ಆ ಬಡ್ಡಿಗೂ ಬಡ್ಡಿ."

ಮೂಲೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಅತ್ತೆ ತಲೆ ಎತ್ತದೆ, "ಚೀಟಿ ಮೇಲೆ ಏನು ಬೇಕಾದ್ರೂ ಬರೀತಾರೆ. ಕೈಗೆ ಬಂದಿದ್ದೇ ದುಡ್ಡು" ಎಂದರು.

"ಅದೂ ಸರಿ ಅಮ್ಮ, ನೋಡೇಬಿಡೋಣ" ಎಂದು ಪಿಂಚಣಿ ಅಕ್ಕ ಹದ್ದುಗಣ್ಣಿಯ ಮೊಬೈಲು ತೆಗೆದುಕೊಂಡರು. ಚೀಟಿಯ ತಲೆಯ ಮೇಲಿದ್ದ ಹನ್ನೆರಡು ಅಂಕಿಯ ಖಾತೆ ನಂಬರನ್ನು ಪಿ.ಎಫ್. ಜಾಲತಾಣದಲ್ಲಿ ಒತ್ತಿದರು. ಮೊಬೈಲಿಗೆ ಬಂದ ಗುಟ್ಟಿನ ಅಂಕಿಯನ್ನು ಅವಳಿಂದಲೇ ಹಾಕಿಸಿದರು. "ಈ ಅಂಕಿ ನಾನು ಕೇಳಿದ್ರೂ ಹೇಳ್ಬೇಡ, ಯಾರು ಕೇಳಿದ್ರೂ ಹೇಳ್ಬೇಡ." ಪಾಸ್‌ಬುಕ್ ತೆರೆದುಕೊಂಡಿತು.

ಹದ್ದುಗಣ್ಣಿ ಮೊತ್ತ ನೋಡಿದಳು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಆಮೇಲೆ ಪರದೆಯ ಮೇಲೆ ಬೆರಳಿಟ್ಟು ಹಿಂದಿನಿಂದ ಮುಂದಕ್ಕೆ ಎಣಿಸಿದಳು, ಬಿಡಿ, ಹತ್ತು, ನೂರು, ಸಾವಿರ, ಹತ್ತು ಸಾವಿರ, ಲಕ್ಷ. ನಾಲ್ಕು ಲಕ್ಷದ ಅರವತ್ತೆಂಟು ಸಾವಿರದ ಮುನ್ನೂರ ಹನ್ನೆರಡು.

"ಇದು ಯಾರದ್ದಕ್ಕ?"

"ನಿಂದು."

ಅವಳು ಹಾಗೇ ನೆಲದ ಮೇಲೆ ಕೂತುಬಿಟ್ಟಳು. ತಾನು ಜ್ವರ ಬಂದು ಮಲಗಿದ್ದ ತಿಂಗಳು, ಬಾಡಿಗೆಗೆ ಪರದಾಡಿದ ತಿಂಗಳು, ಕಂಪನಿಗೆ ಹಿಡಿಶಾಪ ಹಾಕಿದ ಒಂದೊಂದು ತಿಂಗಳೂ ಅಲ್ಲಿ ಸಾಲಾಗಿ ನಿಂತಿತ್ತು. ಒಂದೊಂದರ ಎದುರಿಗೂ ಎರಡು ಪಾಲು. ಹೋದ ವರ್ಷದ ಬಡ್ಡಿಯ ಸಾಲಿಗೆ ಬಂದಾಗ ಅವಳಿಗೆ ನಂಬಲೇ ಆಗಲಿಲ್ಲ. ವರ್ಷವಿಡೀ ಅವಳ ಸಂಬಳದಿಂದ ಕತ್ತರಿಸಿದ್ದಕ್ಕಿಂತ ಆ ಒಂದು ವರ್ಷದ ಬಡ್ಡಿಯೇ ಹೆಚ್ಚಿತ್ತು. ಹನಿ ಹನಿ ಗೂಡಿದರೆ ಹಳ್ಳ ಎಂದು ಅವಳು ಎಷ್ಟೋ ಸಲ ಬೇರೆಯವರಿಗೆ ಹೇಳಿದ್ದಳು. ಆ ಹಳ್ಳ ತನ್ನ ಹೆಸರಿನಲ್ಲೇ ಹರಿಯುತ್ತಿದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಮುರಿದ ಕುರ್ಚಿ ರಿಪೇರಿ ಮಾಡುತ್ತಿದ್ದ ಗಂಡ ಸುತ್ತಿಗೆ ಕೆಳಗಿಟ್ಟು ಓಡಿಬಂದ. ಅವಳು ಮೊಬೈಲು ತೋರಿಸಿ ಅತ್ತೇಬಿಟ್ಟಳು. "ಕಣ್ಣು ಹೋದ್ರೆ ಏನ್ಮಾಡೋದು ಅಂತ ದಿನಾ ಹೆದರಿ ಸಾಯ್ತಿದ್ದೆ ರೀ. ನಾಲ್ಕು ಕಾಸು ಕೂಡಿಡೋಣ ಅಂತ ಕೂಡಿಡೋ ಜಾಗವನ್ನೇ ಬಿಟ್ಟು ಹೊರಟಿದ್ದೆ."

"ಕಣ್ಣಿಗೇನಾಗಿದೆ? ನಂಗ್ಯಾಕೆ ಹೇಳಲಿಲ್ಲ? ಬುಧವಾರ ಆಸ್ಪತ್ರೆಗೆ ಹೋಗೋಣ, ಮೊದಲು ಅದು" ಎಂದ ಗಂಡ.

"ಒಳ್ಳೇ ಮಾತು" ಎಂದರು ಪಿಂಚಣಿ ಅಕ್ಕ. "ದೊಡ್ಡ ಕಾಯಿಲೆ ಅಂತ ಬಂದ್ರೆ ಇದರಲ್ಲಿ ಸ್ವಲ್ಪ ಮುಂಗಡ ತೆಗೆಯೋಕೆ ದಾರಿ ಇದೆ. ಸುಮ್‌ಸುಮ್ನೆ ಮಾತ್ರ ಕೈ ಹಾಕ್ಬೇಡ. ಹತ್ತು ವರ್ಷಕ್ಕಿಂತ ಹೆಚ್ಚು ಸೇವೆ ಆಗಿದೆ, ವಯಸ್ಸಾದ ಮೇಲೆ ನಂಗೆ ಬರೋ ಹಾಗೆ ನಿಂಗೂ ಪಿಂಚಣಿ ಬರುತ್ತೆ. ಈಗ ಹೇಳು, ಆ ಮೇಸ್ತ್ರಿ ಜಾಸ್ತಿ ಕೊಡ್ತೀನಿ ಅಂದ ಸಾವಿರದ ಎಂಟುನೂರು ಯಾರದ್ದು?"

ಹದ್ದುಗಣ್ಣಿ ಚೀಟಿಯ ಮೊದಲ ಸಾಲಿನ ಮೇಲೆ ಬೆರಳಿಟ್ಟಳು. "ನಂದೇ! ನನ್ನ ಪಾಲನ್ನೇ ನಂಗೆ ಕೊಟ್ಟು, ಅವರ ಪಾಲು ಉಳಿಸ್ಕೋತಾರೆ!"

"ಕೆಲಸ ಬದಲಾಯಿಸ್ಬೇಡ ಅಂತ ನಾನು ಹೇಳಲ್ಲ. ಬದಲಾಯಿಸಿದ್ರೂ ಈ ದುಡ್ಡು ತೆಗೀಬೇಡ, ಇದೇ ನಂಬರು ಕೊಟ್ಟು ಅಲ್ಲಿಗೆ ವರ್ಗ ಮಾಡಿಸ್ಕೋ. ಆದ್ರೆ ಪಿ.ಎಫ್. ಕಟ್ಟದ ಕಡೆ ಹೋಗೋ ಮುಂಚೆ ಹತ್ತು ಸಲ ಯೋಚ್ನೆ ಮಾಡು. ಇಪ್ಪತ್ತು ಜನ ಇಲ್ಲ ಅದಕ್ಕಿಂತ ಹೆಚ್ಚು ಜನ ದುಡಿಯೋ ಕಡೆ ಕಟ್ಟಲೇಬೇಕು ಅಂತ ಕಾನೂನಿದೆ."

ಅವಳು ಅಲ್ಲೇ ಮೇಸ್ತ್ರಿಗೆ ಫೋನು ಮಾಡಿದಳು. "ಅಣ್ಣಾ, ನಿಮ್ಮಲ್ಲಿ ಎಷ್ಟು ಜನ ಇದ್ದೀರಿ?"

"ಅರವತ್ತು ಜನ ಅಕ್ಕಾ, ದೊಡ್ಡ ಕಂಪನಿ!"

"ಅರವತ್ತು ಜನ ಇದ್ರೆ ಪಿ.ಎಫ್. ಕಟ್ಟಬೇಕಲ್ವಾ? ನಿಮ್ಮ ಪಾಲು ಎಷ್ಟು ಹಾಕ್ತೀರಿ?"

ಆ ಕಡೆ ಕೆಮ್ಮು ಕೇಳಿಸಿತು. "ಅದೆಲ್ಲ ಯಾಕಕ್ಕಾ ತಲೆನೋವು..."

"ತಲೆನೋವು ನಿಮ್ಗೆ, ನಂಗಲ್ಲ" ಎಂದು ಅವಳು ಫೋನಿಟ್ಟಳು. ಇಟ್ಟವಳು ಮತ್ತೆ ಪಾಸ್‌ಬುಕ್ಕಿಗೆ ಬಂದಳು. ನೂರಾ ಅರವತ್ತಕ್ಕೂ ಹೆಚ್ಚು ತಿಂಗಳು, ಸಾಲು ಸಾಲಾಗಿ, ಬೆಲ್ಟಿನ ಮೇಲಿನ ಬಾಟಲಿಗಳ ಹಾಗೆ. ನಾಲ್ಕು ವರ್ಷ ಹಿಂದಕ್ಕೆ ಹೋಗಿ ಬೆರಳು ತಟಕ್ಕನೆ ನಿಂತಿತು.

"ಅಕ್ಕ, ಮಾರ್ಚ್ ಇದೆ, ಮೇ ಇದೆ. ಏಪ್ರಿಲ್ ಎಲ್ಲಿ?"

ಪಿಂಚಣಿ ಅಕ್ಕ ಹುಡುಕಿದರು, ಗಂಡ ಹುಡುಕಿದ. ಏಪ್ರಿಲ್ ಇರಲಿಲ್ಲ. ಕಪಾಟಿನ ಡಬ್ಬಿಗಳೆಲ್ಲ ಕೆಳಗಿಳಿದವು. ಉಪ್ಪಿನ ಡಬ್ಬಿಯಡಿ ಆ ತಿಂಗಳ ಚೀಟಿ ಸಿಕ್ಕಿತು. ಸಂಬಳದಲ್ಲಿ ಅವಳ ಪಾಲನ್ನು ಹಿಡಿದಿದ್ದರು, ಖಾತೆಗೆ ಮಾತ್ರ ಹಾಕಿರಲಿಲ್ಲ.

ಸೋಮವಾರ ಅವಳು ರಾಜೀನಾಮೆ ಕೊಡಲಿಲ್ಲ. ಆ ಚೀಟಿ ಹಿಡಿದು, ಹಾಜರಿ-ಸಂಬಳದ ಲೆಕ್ಕ ನೋಡುವ ಟೈಂ ಆಫೀಸಿನ ಗುಮಾಸ್ತರ ಮುಂದೆ ನಿಂತಳು.

"ಸಾರ್, ನನ್ನ ಒಂದು ತಿಂಗಳು ಕಾಣೆಯಾಗಿದೆ."

ಗುಮಾಸ್ತರು ಮೊದಲು ನಕ್ಕರು. ಆಮೇಲೆ ಕಂಪ್ಯೂಟರ್ ನೋಡಿದರು, ಕಡತ ತೆಗೆಸಿದರು, ಬೆವರು ಒರೆಸಿಕೊಂಡರು. "ನಿಮ್ಮೊಬ್ಬರದೇ ಅಲ್ಲಮ್ಮ. ಆ ತಿಂಗಳು ನಿಮ್ಮ ಲೈನಿನ ಮೂವತ್ತೆಂಟು ಜನರದ್ದೂ ಹೋಗಿಲ್ಲ. ನಾಲ್ಕು ವರ್ಷದಲ್ಲಿ ಒಬ್ಬರೂ ಬಂದು ಕೇಳಲಿಲ್ಲ."

"ಈಗ ಕೇಳ್ತಿದ್ದೀನಲ್ಲ ಸಾರ್. ಬರೆದೂ ಕೊಡ್ತೀನಿ, ಪಡೆದಿದ್ದೀನಿ ಅಂತ ಸಹಿ ಹಾಕಿ ಕೊಡಿ."

ಎರಡು ತಿಂಗಳು ಓಡಾಡಿಸಿದರು. ಪಿ.ಎಫ್. ಕಚೇರಿಗೇ ದೂರು ಕೊಡುತ್ತೇನೆ ಎಂದ ಮೇಲೆ ಕೆಲಸ ಚುರುಕಾಯಿತು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಮೂವತ್ತೆಂಟು ಜನರ ಖಾತೆಗೂ ಆ ತಿಂಗಳ ದುಡ್ಡು ಬಂದು ಸೇರಿತು. ಮೇಜಿನ ಸುತ್ತ ಎಲ್ಲರೂ ಮೊಬೈಲು ಹಿಡಿದು ಬಿಡಿ, ಹತ್ತು, ನೂರು ಎಂದು ಎಣಿಸುವುದನ್ನು ಹದ್ದುಗಣ್ಣಿ ತುತ್ತು ಮರೆತು ನೋಡುತ್ತಿದ್ದಳು.

ಸಂಜೆ ಮನೆಯಲ್ಲಿ ಅವಳು ಇದನ್ನೆಲ್ಲ ಹೇಳುವಾಗ ಅತ್ತೆ ಮಡಿಸುತ್ತಿದ್ದ ಬಟ್ಟೆ ಪಕ್ಕಕ್ಕಿಟ್ಟು ಕೇಳಿದರು. ಎಲ್ಲ ಮುಗಿದ ಮೇಲೆ ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡು ಹೇಳಿದರು.

"ನಾನು ಅಷ್ಟು ದೊಡ್ಡ ಹೋಟೆಲಲ್ಲಿ ಮೂವತ್ತು ವರ್ಷ ಪಾತ್ರೆ ತೊಳೆದೆ ಕಣಮ್ಮ. ಒಂದು ಪೈಸೆ ಕತ್ತರಿಸಲಿಲ್ಲ, ಎಲ್ಲಾ ಕೈಗೇ ಕೊಟ್ರು. ಎಲ್ಲಾ ಕೈಯಿಂದಲೇ ಹೋಯ್ತು. ನಂಗೂ ಒಂದು ಪಾಲು ಇತ್ತು ಅಂತ ಯಾರೂ ಹೇಳಲಿಲ್ಲ."

ಅಕ್ಕಂದಿರೇ, ಅಣ್ಣಂದಿರೇ, ಆ ತಾಯಿಗೆ ಯಾರೂ ಹೇಳಲಿಲ್ಲ. ನಿಮಗೆ ನಾವು ಹೇಳುತ್ತಿದ್ದೇವೆ. ಈ ತಿಂಗಳ ಸಂಬಳದ ಚೀಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ. ನಿಮ್ಮ ಪಾಲಿನ ಜೊತೆ ಮಾಲೀಕರ ಪಾಲಿನ ಸಾಲೂ ಇದೆಯೇ ನೋಡಿ. ಎರಡೂ ಖಾತೆಗೆ ಸೇರಿವೆಯೇ ಎಂದು ಪಾಸ್‌ಬುಕ್ಕಿನಲ್ಲಿ ತಿಂಗಳು ತಿಂಗಳೂ ಪರೀಕ್ಷಿಸಿ. ನಿಮ್ಮ ನಂತರ ಆ ಹಣ ಯಾರಿಗೆ ಸೇರಬೇಕೋ ಅವರ ಹೆಸರು ಬರೆಸಿದ್ದೀರಾ ಎಂಬುದನ್ನೂ ಮರೆಯಬೇಡಿ. ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿಕೊಳ್ಳಿ, ಅದರಲ್ಲಿ ನಾಚಿಕೆಯಿಲ್ಲ. ಒಂದು ತಿಂಗಳು ಕಾಣದಿದ್ದರೂ ಹೋಗಿ ಕೇಳಿ. ಅದು ಯಾರ ಉಪಕಾರವೂ ಅಲ್ಲ, ನೀವು ಬೆವರು ಸುರಿಸಿ ದುಡಿದದ್ದು. ಒಬ್ಬರು ಕೇಳಿದ್ದಕ್ಕೆ ಮೂವತ್ತೆಂಟು ಮನೆಗಳಿಗೆ ಅವರ ಪಾಲು ಬಂತು. ನಿಮ್ಮ ಕೆಲಸದ ಜಾಗದಲ್ಲಿ ಆ ಒಬ್ಬರು ನೀವೇ ಆಗಿ.