ಉಪ್ಪು ಹಾಕುವವರು

ನಮ್ಮ ಬೇಕರಿಯಲ್ಲಿ ಮಾವನ ಕಾಲದಿಂದ ಒಂದು ಕಟ್ಟಳೆ: ಹಿಟ್ಟು ನಾದುವವರು ಉಪ್ಪು ಮುಟ್ಟಬಾರದು. ಹಿಂದೊಮ್ಮೆ ಮಾವ, ಅತ್ತೆ ಇಬ್ಬರೂ ಹಾಕಿ, ಅಂದಿನ ಬ್ರೆಡ್ಡನ್ನು ನಾಯಿಯೂ ಮೂಸಲಿಲ್ಲವಂತೆ. ಆಮೇಲಿಂದ ಅತ್ತೆ ನಾದುವುದು, ಹಿಟ್ಟು ಸ್ವಲ್ಪ ಹೊತ್ತು ಸುಧಾರಿಸಿಕೊಂಡ ಮೇಲೆ ಅವರ ಮಗ ಉಪ್ಪು ಹಾಕಿ ಇನ್ನೊಮ್ಮೆ ಮಿದಿಯುವುದು. ನಾನು ಅಚ್ಚಿಗೆ ತುಂಬುವವಳು.

ಅವರ ಮಗ, ನನ್ನ ಗಂಡ, ಬೈಕಿನಿಂದ ಬಿದ್ದು ತೀರಿಕೊಂಡ. ಕೆಲವು ದಿನ ಮುಚ್ಚಿದ್ದ ಅಂಗಡಿಯನ್ನು ನಾವಿಬ್ಬರೇ ಮತ್ತೆ ತೆಗೆದೆವು. ಉಪ್ಪನ್ನು ನಾನು ಹಾಕುತ್ತಿದ್ದೇನೆ ಎಂದು ಅತ್ತೆ ಅಂದುಕೊಂಡರು. ಅವರೇ ಹಾಕುತ್ತಿದ್ದಾರೆ ಎಂದು ನಾನು. ಒಬ್ಬರನ್ನೊಬ್ಬರು ಕೇಳಲಿಲ್ಲ. ಕೇಳಿದ್ದರೆ ಅವನ ಮಾತು ಬರುತ್ತಿತ್ತು.

"ಹಿಟ್ಟು ಯಾಕೋ ಕೈಗೆ ಅಂಟುತ್ತೆ ಕಣೇ" ಎಂದು ಅತ್ತೆ ಒಂದೆರಡು ಸಲ ಅಂದರು. ಸೆಕೆಗಿರಬೇಕು ಎಂದೆ. ನಾವೂ ಅದೇ ಬ್ರೆಡ್ಡು ತಿನ್ನುತ್ತಿದ್ದೆವು. ಆಗ ನಮ್ಮ ಬಾಯಿಗೆ ಎಲ್ಲವೂ ಒಂದೇ.

ಹೇಳಿದವನು ಹೊಸಬ, ದಾರಿಯಲ್ಲಿ ವ್ಯಾನು ನಿಲ್ಲಿಸಿ ಬಂದ ಡ್ರೈವರು. ಅಂಗಡಿಯ ಮುಂದೆಯೇ ಒಂದು ತುಂಡು ಬಾಯಿಗೆ ಹಾಕಿಕೊಂಡು ಹಾಗೇ ನಿಂತ.

"ಏನಮ್ಮಾ, ಆಸ್ಪತ್ರೆಗೆ ಅಂತ ಮಾಡಿದ್ದನ್ನ ನಂಗೆ ಕೊಟ್ರಾ? ಉಪ್ಪೇ ಇಲ್ವಲ್ಲ!"

ಅತ್ತೆ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಇಬ್ಬರಿಗೂ ಗೊತ್ತಾಯಿತು.

ಅವನು ಹೋದ ಮೇಲೆ ಅತ್ತೆ ಹಿಟ್ಟಿನ ಮೂಟೆಯ ಮೇಲೆ ಕುಳಿತುಬಿಟ್ಟರು.

"ಅಂದ್ರೆ ದಿನಾ ಬರೋರಿಗೆಲ್ಲ ಗೊತ್ತಿತ್ತು. ಅಯ್ಯೋ ಪಾಪ ಅಂತ ತಗೊಂಡು ಹೋಗ್ತಿದ್ರು. ಮಗ ಹೋದ, ಈಗ ಮಾನಾನೂ ಹೋಯ್ತು. ಬಾಗಿಲು ಹಾಕಿಬಿಡೋಣ."

"ಮೊದಲು ತಪ್ಪಾಯ್ತು ಅನ್ನೋಣ ಅತ್ತೆ. ಹಾಕೋದು ಆಮೇಲೆ."

ಬಾಗಿಲು ಹಾಕಿದರೆ ಬೆಳಿಗ್ಗೆ ಎದ್ದು ನಾನು ಮಾಡುವುದೇನು?

ಬಾಗಿಲಲ್ಲಿಡುವ ಕರಿಹಲಗೆಯ ಮೇಲೆ ಬರೆಯಲು ಕುಳಿತೆ. 'ಮಾನ್ಯ ಗ್ರಾಹಕರೇ, ಅನಿವಾರ್ಯ ಸಂದರ್ಭದಲ್ಲಿ ಉಂಟಾದ ಲೋಪಕ್ಕಾಗಿ...' ಅತ್ತೆ ಬಗ್ಗಿ ನೋಡಿದರು.

"ಇದೇನು ಪರೀಕ್ಷೆಗೆ ಬರೀತಿದ್ದೀಯಾ? ಉಪ್ಪು ಮರೆತ್ವಿ, ತಪ್ಪಾಯ್ತು ಅಂತ ಬರಿ."

ಒರೆಸಿ ಹಾಗೆಯೇ ಬರೆದೆ. ಮಾರನೆಯ ದಿನ ಉಪ್ಪು ನಾನೇ ಹಾಕಿದೆ. ಬಂದವರಿಗೆಲ್ಲ ಒಂದೊಂದು ಬ್ರೆಡ್ಡು ಸುಮ್ಮನೆ ಕೊಡುವುದೆಂದು ಮಾತಾಯಿತು.

ಮೊದಲು ಬಂದವರು ಎದುರುಮನೆಯ ನಿವೃತ್ತ ಟೀಚರು. ಹಲಗೆ ಓದಿ, ಕನ್ನಡಕ ತೆಗೆದರು.

"ಡಾಕ್ಟರು ಉಪ್ಪು ಬಿಡಿ ಅಂತ ವರ್ಷಗಟ್ಟಲೆ ಬಡ್ಕೊಂಡ್ರು, ನಾನು ಬಿಟ್ಟಿರ್ಲಿಲ್ಲ. ನಿಮ್ಮಿಂದ ಬಿಪಿ ಇಳೀತು. ಈಗ ಮತ್ತೆ ಏರಿಸ್ತೀರಾ?"

ಅತ್ತೆ ನಗಲಿಲ್ಲ. ಹಿಂದೆಯೇ ಪಕ್ಕದ ಅಂಗಡಿಯ ಟೈಲರು ಬಂದರು. ಅತ್ತೆ ಅವರನ್ನೇ ಹಿಡಿದರು.

"ನೀವಾದ್ರೂ ಹೇಳ್ಬಾರ್ದಿತ್ತಾ? ನಾನೇನು ಭಿಕ್ಷೆ ಕೇಳಿದ್ನಾ?"

"ಭಿಕ್ಷೆ ಅಂತ ಯಾರಂದ್ರು ಅಕ್ಕಾ?" ಟೈಲರು ಬ್ರೆಡ್ಡನ್ನು ಕೈಯಿಂದ ಕೈಗೆ ಬದಲಾಯಿಸಿದರು. "ನನ್ನ ಹೆಂಡ್ತಿ ತೀರಿಕೊಂಡ ವರ್ಷ ನಿಮ್ಮ ಮಗನಿಗೆ ಒಂದು ಅಂಗಿ ಹೊಲಿದುಕೊಟ್ಟೆ. ಎಡತೋಳು ಬಲಕ್ಕೆ, ಬಲತೋಳು ಎಡಕ್ಕೆ. ಅವನು ತುಟಿಪಿಟಕ್ ಅನ್ನದೆ ಹಾಕ್ಕೊಂಡು ಓಡಾಡ್ದ. ಒಂದಿನ ನಾನೇ ನೋಡಿ, ಬಿಚ್ಚಿ ಕೊಡಪ್ಪಾ ಸರಿ ಮಾಡ್ತೀನಿ ಅಂದೆ. 'ಇರ್ಲಿ ಬಿಡಿ ಮಾಮಾ, ಎರಡೂ ಕೈ ನಂದೇ ತಾನೇ' ಅಂದ. ಅವತ್ತು ಅವನು ಬೈದಿದ್ರೆ ನಾನು ಕತ್ತರಿ ಕೆಳಗಿಟ್ಟುಬಿಡ್ತಿದ್ದೆ."

ಆ ಅಂಗಿ ನನಗೆ ಗೊತ್ತು. ನೀಲಿಯದು. ಇಸ್ತ್ರಿಗೆ ಹಾಸಿದರೆ ತೋಳು ಮಡಿಕೆಗೆ ಬಗ್ಗುತ್ತಿರಲಿಲ್ಲ. ಬೇರೆ ಹಾಕಿಕೋ ಎಂದರೆ, ಇದೇ ಚೆನ್ನಾಗಿದೆ ಎನ್ನುತ್ತಿದ್ದ. ಹೋದವನ ವಿಷಯವಾಗಿ ಹೊಸದೊಂದು ಸಿಗಬಹುದು ಎಂದು ನಾನು ಎಣಿಸಿರಲಿಲ್ಲ. ಟೈಲರಿಗೆ ಏನಾದರೂ ಹೇಳಬೇಕೆನಿಸಿತು. ಇನ್ನೊಂದು ಬ್ರೆಡ್ಡು ಕೈಗಿಟ್ಟೆ.

"ಅಯ್ಯೋ, ಒಂದು ಕೊಟ್ರಲ್ಲಮ್ಮಾ!"

"ಇರಲಿ, ಇಟ್ಕೊಳ್ಳಿ."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. "ಅವನಿಗೂ ಬಾಯಿರ್ಲಿಲ್ಲ, ನಿಮಗೂ ಇಲ್ಲ. ಇನ್ಮೇಲೆ ಹೆಚ್ಚುಕಮ್ಮಿ ಆದ್ರೆ ಮುಖಕ್ಕೆ ಹೊಡೆದ ಹಾಗೆ ಹೇಳ್ಬೇಕು, ತಿಳೀತಾ?"

ಅಂದು ಬ್ರೆಡ್ಡೆಲ್ಲ ಬೇಗ ಮುಗಿಯಿತು. ಬಾಗಿಲು ಹಾಕುವ ಮಾತನ್ನು ಅತ್ತೆ ಮತ್ತೆ ಎತ್ತಲಿಲ್ಲ.

ಮರುದಿನ ಟೈಲರು ಸರಿಯಾಗಿ ಗಿರಾಕಿಗಳೆಲ್ಲ ನೆರೆದಿದ್ದಾಗ ಬಂದರು.

"ಅಕ್ಕಾ, ಹೇಳಿ ಅಂದಿದ್ರಿ. ನಿನ್ನೇದು ಬರೀ ಉಪ್ಪು!"

"ಏನು ಉಪ್ಪು? ಇಷ್ಟು ದಿನ ಸಪ್ಪೆ ತಿಂದು ನಾಲಿಗೆ ಕೆಟ್ಟಿದೆ ನಿಮ್ದು!"

"ಉಪ್ಪು ಅಂದ್ರೆ ಉಪ್ಪೇ. ಬೇಕಾದ್ರೆ ಟೀಚರನ್ನ ಕೇಳಿ, ಬಿಪಿ ಎಷ್ಟಾಗಿದೆ ಅಂತ."

ಸಾಲಿನಲ್ಲಿ ನಿಂತವರು ನಕ್ಕರು. ಅತ್ತೆಯ ಮುಖ ಕೆಂಪಗಾಗಿತ್ತು. ಎಷ್ಟೋ ದಿನದ ಮೇಲೆ ಅವರು ಹೀಗೆ ಜಗಳಕ್ಕೆ ನಿಂತದ್ದು. ನಾನು ಮನೆಗೆಂದು ಎತ್ತಿಟ್ಟಿದ್ದ ನಿನ್ನೆಯ ಬ್ರೆಡ್ಡಿನ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡೆ.

"ಹೌದು ಅತ್ತೆ, ಜಾಸ್ತಿಯಾಗಿದೆ," ಎಂದೆ. "ನಾಳೆ ಕಡಿಮೆ ಹಾಕ್ತೀನಿ."