ಐದನೇ ನಂಬರಿನ ಆಮೆ

ಐದನೇ ನಂಬರಿನ ಆಮೆ ಮೂರನೇ ಸಲ ಕಚೇರಿಯ ಬಾಗಿಲಿಗೆ ಬಂದಾಗ ಫಾರೆಸ್ಟ್ ಗಾರ್ಡ್ ಶೋಭಾರಾಣಿ ಚಹಾದ ಲೋಟ ಕೆಳಗಿಟ್ಟು ಹಣೆ ಹಣೆ ಬಡಿದುಕೊಂಡಳು. ಆಮೆ ತಾನಾಗಿ ಬಂದಿರಲಿಲ್ಲ. ಕನಕಗಿರಿ ಕಡೆಯ ಗುಡ್ಡದಿಂದ ಅದನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು, ಉರಿಬಿಸಿಲಲ್ಲಿ ಎಂಟು ಕಿಲೋಮೀಟರ್ ನಡೆದು ತಂದಿದ್ದ ಕುರಿ ಕಾಯುವ ಮುದಿಯಪ್ಪ, ಶಾಭಾಸ್‌ಗಿರಿಗೆ ಕಾದವನ ಹಾಗೆ ಹೊಸ್ತಿಲ ಹೊರಗೆ ನಿಂತಿದ್ದ.

"ತಗೋರಿ ಮೇಡಮ್ಮಾರ, ನಿಮ್ಮ ಆಮಿ. ಮತ್ತ ತಪ್ಪಿಸ್ಕೊಂಡಿತ್ತು."

ತಪ್ಪಿಸಿಕೊಂಡಿತ್ತಂತೆ! ಅದನ್ನು ಗುಡ್ಡಕ್ಕೆ ಬಿಡಲು ಶೋಭಾರಾಣಿ ಹದಿನಾಲ್ಕು ತಿಂಗಳು ಒದ್ದಾಡಿದ್ದಳು.

ಗಂಗಾವತಿ ಬಸ್ ನಿಲ್ದಾಣದಲ್ಲಿ ಒಬ್ಬನ ಬ್ಯಾಗಿನಲ್ಲಿ ನಲವತ್ತೊಂದು ನಕ್ಷತ್ರ ಆಮೆಗಳು ಸಿಕ್ಕಿದ್ದವು. ಒಂದೊಂದನ್ನೂ ಒಂದೊಂದು ಕಾಲುಚೀಲದೊಳಗೆ ತುರುಕಿ, ಟೇಪು ಸುತ್ತಿದ್ದ. ತಂದವನಿಗೆ ವಾರದೊಳಗೆ ಜಾಮೀನು ಸಿಕ್ಕಿತು, ಆಮೆಗಳಿಗೆ ಸಿಗಲಿಲ್ಲ. ಅವು ಕೇಸಿನ ಮಾಲು. ಕೋರ್ಟಿಗೆ ಗುರುತು ಬೇಕೆಂದು ಶೋಭಾರಾಣಿಯೇ ತನ್ನ ಕೆಂಪು ನೇಲ್ ಪಾಲಿಶ್‌ನಿಂದ ಬೆನ್ನ ಮೇಲೆ ನಂಬರು ಬರೆದಳು. ಕಚೇರಿಯ ಹಿಂದಿನ ಬಚ್ಚಲಲ್ಲಿ ಇಟ್ಟು ಸೊಪ್ಪು ಹಾಕಿ ಸಾಕಿದಳು. ಏಳು ಸತ್ತವು. ಸತ್ತದ್ದಕ್ಕೂ ಕಾಗದ ಬರೆಯಬೇಕಿತ್ತು. ಬರೆದಳು, ಅತ್ತಳು, ಮತ್ತೆ ಬರೆದಳು.

ಕೊನೆಗೆ ಕೋರ್ಟು ಬಿಡಿ ಎಂದಿತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ ಪ್ರಾಣಿ ವೈದ್ಯರು ಬೇಡ ಎಂದರು. ಇವು ಯಾವ ಸೀಮೆಯವೋ ಏನೋ, ರೋಗ ಅಂಟಿದ್ದರೆ ಗುಡ್ಡದ ಆಮೆಗಳೂ ಹೋದಾವು, ಎಲ್ಲ ಸರಿಯಿದ್ದರೂ ಜನ ಹಿಡಿದು ಮತ್ತೆ ಮಾರುತ್ತಾರೆ ಎಂದರು. ಅವರ ಮಾತು ಸುಳ್ಳಲ್ಲ. ಅದಕ್ಕೇ ಶೋಭಾರಾಣಿಗೆ ಇನ್ನಷ್ಟು ಉರಿಯುತ್ತಿತ್ತು. ರಕ್ತ ಪರೀಕ್ಷೆಯಾಯಿತು, ರೋಗವಿಲ್ಲ ಎಂದು ಬಂತು. ಆಗ ಅವಳ ಮೇಲಿನ ಅಧಿಕಾರಿ, ರೇಂಜರ್ ಹನುಮೇಶ, ಒಂದು ನಡುದಾರಿ ಹುಡುಕಿದ. ಮೊದಲು ಹತ್ತನ್ನು ನಂಬರಿನ ಸಮೇತ ಬಿಡುವುದು. ಯಾವುದೇ ಆಗಲಿ, ಒಟ್ಟು ನಾಲ್ಕು ಸಲ ವಾಪಸ್ ಬಂದರೆ ಬಚ್ಚಲಲ್ಲಿರುವ ಇಪ್ಪತ್ನಾಲ್ಕೂ ಸಾಯುವ ತನಕ ಪಂಜರಕ್ಕೆ.

ಐದನೆಯದು ಎರಡು ಸಲ ಬಂದಿತ್ತು, ಒಂಬತ್ತನೆಯದು ಒಂದು ಸಲ. ಮೂರು ಸಲವೂ ತಂದವನು ಇದೇ ಮಹಾರಾಯ. ತರಬೇಡ ಎಂದು ಪ್ರತಿ ಸಲವೂ ಹೇಳಿದ್ದಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. ಇದು ನಾಲ್ಕನೆಯ ವಾಪಸ್ಸು.

"ಅಜ್ಜಾ, ನಿನ್ನ ಕಾಲಿಗೆ ಬೀಳ್ತೀನಿ, ಯಾಕ ತರ್ತಿ ಇದನ್ನ?"

"ಬೆನ್ನ ಮ್ಯಾಲ ನಂಬರ ಐತಲ್ರಿ! ಕರೆಂಟ್ ಕಂಬದ ಮ್ಯಾಲ ಐತಿ, ಊರ ಬೋರಿನ ಮ್ಯಾಲ ಐತಿ. ನಂಬರ ಇದ್ದದ್ದೆಲ್ಲಾ ಸರಕಾರದ್ದು. ಸರಕಾರದ ಮಾಲು ಅಡ್ಯಾಡಾಕ ಬಿಟ್ಟು ಸುಮ್ನ ಕುಂದ್ರಾಂವಲ್ಲ ನಾನು."

"ಸರಕಾರದ್ದಲ್ಲೋ ಅಜ್ಜಾ! ಯಾರದೂ ಅಲ್ಲ ಅದು!"

"ಯಾರದೂ ಅಲ್ಲಂದ್ರ, ಬ್ಯಾಗಿನ್ಯಾಗ ಒಯ್ಯಾಕ್ಹತ್ತಿದ್ದಾಂವನ್ನ ಯಾಕ ಹಿಡದ್ರಿ?"

ಶೋಭಾರಾಣಿಗೆ ಮೈಯೆಲ್ಲ ಉರಿದುಹೋಯಿತು. ಕಳ್ಳನಾಗಿದ್ದರೆ ಲಾಕಪ್ಪಿಗೆ ಹಾಕಬಹುದಿತ್ತು. ಈ ಪ್ರಾಮಾಣಿಕನನ್ನು ಏನು ಮಾಡುವುದು?

"ಗುಡ್ಡದ್ದು ಅದು. ಗುಡ್ಡಕ್ಕ ಬಿಟ್ಟೀವಿ. ತಿಳೀತೇನು?"

"ಹಂಗಾದ್ರ ನಂಬರ ಯಾಕ ಬರದೀರಿ?"

ಮೇಜಿನ ಮೇಲೆ ಈ ವಾಪಸ್ಸನ್ನು ಬರೆಯಬೇಕಾದ ರಿಜಿಸ್ಟರ್ ತೆರೆದಿತ್ತು. ಹನುಮೇಶ ಮೀಟಿಂಗಿಗೆ ಕೊಪ್ಪಳಕ್ಕೆ ಹೋಗಿದ್ದ. ಒಂದು ಸಾಲು ಬರೆದರೆ ಇಪ್ಪತ್ನಾಲ್ಕು ಆಮೆಗಳ ಕಥೆ ಮುಗಿಯಿತು. ಒಂಬತ್ತು ವರ್ಷದ ನೌಕರಿಯಲ್ಲಿ ಆ ರಿಜಿಸ್ಟರಿನಲ್ಲಿ ಅವಳು ಒಂದು ಅಕ್ಷರ ಮುಚ್ಚಿಟ್ಟವಳಲ್ಲ. ಈಗ ಅದನ್ನು ಮುಚ್ಚಿ ಬದಿಗಿಟ್ಟಳು.

ಚೀಲದಿಂದ ಉಗುರುಬಣ್ಣ ತೆಗೆಯುವ ಬಾಟಲಿ ಹೊರತೆಗೆದು, ಹತ್ತಿಯಲ್ಲಿ ಅದ್ದಿ, ಆಮೆಯ ಬೆನ್ನು ತಿಕ್ಕಿದಳು. ಐದು ಅಳಿಸಿತು. ಚಿಪ್ಪಿನ ಹಳದಿ ನಕ್ಷತ್ರಗಳಷ್ಟೇ ಉಳಿದವು. ಜನ ಹಿಡಿದು ಮಾರುತ್ತಾರೆ ಎಂಬ ವೈದ್ಯರ ಮಾತು ಕಿವಿಯಲ್ಲೇ ಇತ್ತು; ನಂಬರಿಲ್ಲದ್ದನ್ನಂತೂ ಯಾರು ಬೇಕಾದರೂ ಒಯ್ಯಬಹುದು. ಆದರೂ ಬಾಟಲಿಯನ್ನು ಮುದಿಯಪ್ಪನ ಕೈಗಿಟ್ಟಳು.

"ಎಲ್ಲಿ ಸಿಕ್ಕಿತ್ತೋ ಅಲ್ಲೇ ಇಡು. ಉಳಿದವು ಕಂಡ್ರ ಈ ಬಾಟ್ಲೀದು ಹಚ್ಚಿ ಒರಸು. ಎಲ್ಲಿ ಅದಾವು ಅಂತ ಯಾರು ಕೇಳಿದ್ರೂ ಹೇಳಬ್ಯಾಡ. ಜೀಪಿನ್ಯಾಗ ಬಂದು ಕೇಳಿದ್ರೂ ಹೇಳಬ್ಯಾಡ. ನಿನ್ನ ಕುರಿ ಆಣಿ ಮಾಡು."

ಕುರಿಯ ಆಣೆ ಮುದಿಯಪ್ಪನಿಗೆ ಹಗುರದ ಮಾತಲ್ಲ. "ಆತ್ರಿ, ಕುರಿ ಆಣಿ," ಎಂದು ಆಮೆಯನ್ನು ಮತ್ತೆ ಟವೆಲ್ಲಿಗೆ ಕಟ್ಟಿಕೊಂಡು ಬಂದ ದಾರಿಗೇ ತಿರುಗಿದ.

ಎರಡು ತಿಂಗಳು ಒಂದೂ ವಾಪಸ್ ಬರಲಿಲ್ಲ. ಹನುಮೇಶ ಖುಷಿಯಾಗಿ ಒಂದು ಫಾರಂ ಕೊಟ್ಟ. "ಬಿಟ್ಟದ್ದರಾಗ ಒಂದನ್ನಾದರೂ ಜೀವಂತ ಕಣ್ಣಾರೆ ಕಂಡವರ ಹೆಸರು, ಸಹಿ, ಜಾಗ ಬರಸ್ಕೊಂಡು ಬಾ. ಉಳಿದವನ್ನೂ ಬಿಡೋಣು."

ಶೋಭಾರಾಣಿ ಎಂಟು ದಿನ ಗುಡ್ಡ ಹತ್ತಿ ಇಳಿದಳು. ಜಾಲಿಮುಳ್ಳು ಪ್ಯಾಂಟು ಹರಿಯಿತು, ಆಮೆ ಮಾತ್ರ ಕಾಣಲಿಲ್ಲ. ಹಾಯಾಗಿ ಬದುಕಿದ ಆಮೆಯೂ ಕಾಣುವುದಿಲ್ಲ, ಮಾರಾಟವಾದ ಆಮೆಯೂ ಕಾಣುವುದಿಲ್ಲ. ಮುದುಕನೇ ಮಾರಿಕೊಂಡನೇ? ಆ ಯೋಚನೆ ಬಂದದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಆದರೂ ಅದು ಹೋಗಲೊಲ್ಲದು. ಒಂಬತ್ತನೆಯ ದಿನ ಇಲಾಖೆಯ ಜೀಪನ್ನು ಗುಡ್ಡದ ಬುಡದಲ್ಲಿ ನಿಲ್ಲಿಸಿ, ಕುರಿಗಳ ನಡುವೆ ಕೂತಿದ್ದ ಮುದಿಯಪ್ಪನ ಮುಂದೆ ಹೋಗಿ ನಿಂತಳು.

"ಅಜ್ಜಾ, ಐದನೇದು ಕಂಡೈತೇನು?"

"ಕಂಡೈತ್ರಿ. ಮೂರು ಸಲ ಹೊತ್ತಾಂವ ನಾನು, ನಂಬರ ಇಲ್ಲದಿದ್ರೂ ಗುರ್ತ ಹತ್ತತೈತಿ. ಮೊನ್ನಿ ಮಳಿ ಬಿದ್ದ ಮ್ಯಾಲ ಹೊರಗ ಬಂದಿತ್ತು. ಜೋಡಿ ಇನ್ನೊಂದಿತ್ತು. ಅದು ನಿಮ್ಮದಲ್ಲ, ಗುಡ್ಡದ್ದ. ಒರಸಾಕ ಅದರ ಬೆನ್ನ ಮ್ಯಾಲ ಏನೂ ಇದ್ದಿದ್ದಿಲ್ಲ."

ಅವಳು ಜೇಬಿನಿಂದ ಫಾರಂ ತೆಗೆದಳು. "ಎಲ್ಲಿ?"

ಮುದಿಯಪ್ಪ ಕುರಿಗಳ ಕಡೆ ನೋಡಿದ. "ಅದನ್ನ ಹೇಳಂಗಿಲ್ರಿ."

"ಏ, ನಾನೋ! ನಾನ ಕೇಳಾಕ್ಹತ್ತೀನಿ!"

"ಯಾರು ಕೇಳಿದ್ರೂ ಅಂದಿದ್ರಿ."

"ನನ್ನ ಬಿಟ್ಟೋ ಮಾರಾಯಾ!"

"ನಿಮ್ಮನ್ನ ಬಿಟ್ಟು ಅಂತ ಹೇಳಿದ್ದಿಲ್ಲ. ಕುರಿ ಆಣಿ ಮಾಡಿಸ್ಕೊಂಡೀರಿ. ಮ್ಯಾಲ ಜೀಪಿನ್ಯಾಗ ಬಂದಾರಿಗೆ ಹೇಳಬ್ಯಾಡ ಅಂದೀರಿ." ಕೋಲಿನಿಂದ ಗುಡ್ಡದ ಬುಡ ತೋರಿಸಿದ. "ಅದು ಯಾರ ಜೀಪ್ರಿ?"

ಬೈಯಲು ಹೊರಟ ಶೋಭಾರಾಣಿಗೆ ಥಟ್ಟನೆ ಹೊಳೆಯಿತು. ತನಗೇ ಹೇಳದವನು ಇನ್ನಾರಿಗೆ ಹೇಳಿಯಾನು! ಅಲ್ಲೇ ಬಂಡೆಯ ಮೇಲೆ ಕೂತು ಫಾರಂ ಬಿಡಿಸಿದಳು. ಕಂಡವರು, ಮುದಿಯಪ್ಪ. ಜಾಗ ಎಂಬಲ್ಲಿ, ಕಂಡವರು ಹೇಳಲು ಒಪ್ಪಲಿಲ್ಲ ಎಂದು ಬರೆದಳು. ಹನುಮೇಶ ಕೂಗಾಡಿದರೆ ಕೂಗಾಡಲಿ. ಹೆಬ್ಬೆಟ್ಟು ಒತ್ತಿಸಿಕೊಂಡು ಎದ್ದಳು.

"ಉಳಿದವನ್ನೂ ತಂದು ಬಿಡ್ರಿ ಮೇಡಮ್ಮಾರ," ಎಂದ ಮುದಿಯಪ್ಪ, ಹೆಬ್ಬೆರಳಿನ ಮಸಿಯನ್ನು ಟವೆಲ್ಲಿಗೆ ಒರೆಸಿಕೊಳ್ಳುತ್ತ. "ಆದ್ರ ನಂಬರ ಒರಸ್ಕೊಂಡು ತರ್ರಿ. ನಿಮ್ಮ ಕಚೇರಿಗೆ ನಡದು ನಡದು ನನಗೂ ಸಾಕಾಗೇತಿ."